ಮೂರು ಇಂಚು ತಗ್ಗಿಸಿದ ಕಾರು

ಮಾರ್ಚ್ 8, 1953, ಭಾನುವಾರ

ನಾನು ಓಲೀಟಾ ಸ್ಟ್ಯಾಂಪರ್. ಆಯಿಲ್‌ಡೇಲ್ ಊರಿನ ಈ ಅಂಗಳ, ಅದರ ಸುತ್ತಲಿನ ಮೂರು ಮನೆ, ಹಿಂದಿನ ತಗಡಿನ ಶೆಡ್ಡು, ಎಲ್ಲವೂ ನನ್ನ ಹೆಸರಿನಲ್ಲಿವೆ. ಎಣ್ಣೆ ಬಾವಿಗಳ ಕೊಳವೆ ಬೆಸೆದು ದುಡಿದವನು ನನ್ನ ಗಂಡ ಆರ್ಲಿಸ್. ಉಳಿಸಿ ಕಟ್ಟಿಸಿದವಳು ನಾನು. ಒಕ್ಲಹೋಮಾದಲ್ಲಿ ಹೈಸ್ಕೂಲು ಪೂರ್ತಿ ಮುಗಿಸಿದ್ದೇನೆ. ಅಲ್ಲಿಂದ ಇಲ್ಲಿಗೆ ಬಂದ ನನ್ನ ವಯಸ್ಸಿನ ಹೆಂಗಸರಲ್ಲಿ ಈ ಮಾತು ಹೇಳಬಲ್ಲವರು ಹೆಚ್ಚಿಲ್ಲ. ಭಾನುವಾರ ಇಡೀ ಸಂಸಾರ ನನ್ನ ಮೇಜಿನಲ್ಲೇ ಉಣ್ಣುತ್ತದೆ. ಪ್ರಾರ್ಥನೆ ಹೇಳುವವಳು ನಾನು. ಕೋಳಿಯ ಯಾವ ತುಂಡು ಯಾರ ತಟ್ಟೆಗೆ ಎಂದು ತೀರ್ಮಾನಿಸುವವಳೂ ನಾನೇ. ಹೊಟ್ಟೆಯೊಳಗಿನದನ್ನು ನೆರೆಹೊರೆಯವರ ಮುಂದೆ ತೋಡಿಕೊಳ್ಳುವ ಚಾಳಿ ನನಗಿಲ್ಲ. ಆರ್ಲಿಸ್ ಇದ್ದಾಗ ಅವನಿಗೆ ಹೇಳುತ್ತಿದ್ದೆ. ಈಗ ಈ ಪುಸ್ತಕಕ್ಕೆ.

ಇವತ್ತು ಊಟದ ನಡುವೆ ಮಗಳು ರೀಬಾಳ ಗಂಡ ಬಾಯಿ ಬಿಟ್ಟ. ಓಹಾಯೋದವನು. ಪೇಟೆಯ ಶೂ ಅಂಗಡಿಯಲ್ಲಿ ಹೆಂಗಸರ ಪಾದದ ಅಳತೆ ತೆಗೆಯುವುದು ಅವನ ಕಸುಬು. ಅದಕ್ಕೇ ಊರು ಅವನಿಗಿಟ್ಟ ಹೆಸರು 'ಪಾಲಿಶ್'. ಮದುವೆಯಾಗಿ ಮೂರು ವರ್ಷವಾಯಿತು, ನನ್ನ ಮೇಜಿನಲ್ಲಿ "ಉಪ್ಪು ಕೊಡ್ತೀರಾ" ಎಂಬುದನ್ನು ಬಿಟ್ಟು ಬೇರೇನೂ ಆಡಿದವನಲ್ಲ. ಅಳಿಯ ಅಲ್ಲ, ಮಗಳ ಗಂಡ ಎನ್ನುವ ಮಾತನ್ನು ಜನ ನಗೆಯಾಡಲು ಹೇಳುತ್ತಾರೆ. ನಾನು ನಿಜವಾಗಿಯೇ ಹೇಳುತ್ತೇನೆ.

"ನಾನೂ ಒಂದು ಹಾಟ್ ರಾಡ್ ಕಟ್ಬೇಕು ಅಂತಿದೀನಿ," ಅಂದ.

ಇದು ಈ ಊರಿನ ಗಂಡಸರಿಗೆಲ್ಲ ಹಿಡಿದಿರುವ ಹುಚ್ಚು. ಗುಜರಿಗೆ ಹೋಗಬೇಕಾದ ಹಳೆಯ ಫೋರ್ಡನ್ನು ಮನೆಗೆ ಎಳೆದು ತಂದು, ಮಡ್‌ಗಾರ್ಡು ಕಿತ್ತು, ಟಾಪು ತಗ್ಗಿಸಿ, ದೊಡ್ಡ ಇಂಜಿನ್ನು ಕೂರಿಸಿ, ಮರುಭೂಮಿಯ ಒಣ ಕೆರೆಗೆ ಒಯ್ದು ಗಾಳಿಗಿಂತ ಜೋರಾಗಿ ಓಡಿಸುವುದು. ನನ್ನ ಮಗ ಡಾಯ್ಲ್ ಅವರ 'ಸುಳಿಗಾಳಿ' ಕ್ಲಬ್ಬಿಗೆ ಅಧ್ಯಕ್ಷ.

ಡಾಯ್ಲ್ ಕುಡಿಯುತ್ತಿದ್ದ ಹಾಲು ಮೂಗಿಗೆ ಹತ್ತಿತು. "ಏನಂದೆ ಪಾಲಿಶ್? ಹಾಟ್ ರಾಡಾ? ಮೊದ್ಲು ಸೈಕಲ್ಲಿಗೆ ಗಾಳಿ ಹೊಡಿಯೋದು ಕಲಿಯಪ್ಪ!"

"ಸೈಕಲ್ಲಿಗೆ ಹೊಡೀತೀನಲ್ಲ," ಅಂದ ಅವನು, ಬಹಳ ಗಂಭೀರವಾಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಊಟದ ಮೇಜಿನಲ್ಲಿ ಕಾರಿನ ಸುದ್ದಿ ಬೇಡ ಎಂದೆ. ಅಲ್ಲಿಗೆ ಮುಗಿಯಿತು.

ಮಾರ್ಚ್ 10, ಮಂಗಳವಾರ

ಮುಗಿದಿಲ್ಲ. ರೀಬಾ ಪಾತ್ರೆ ಒರೆಸಲು ಬಂದಳು. ಅವಳು ಕರೆಯದೆ ಪಾತ್ರೆ ಒರೆಸಲು ಬಂದರೆ ಏನೋ ಇದೆ ಎಂದೇ ಅರ್ಥ.

"ಅಮ್ಮ, ಎರಡು ಸುದ್ದಿ. ಒಂದು, ನಾನು ಬಸುರಿ. ನವೆಂಬರಿಗೆ."

ಹಣೆಗೆ ಮುತ್ತಿಟ್ಟೆ. ಎರಡನೆಯದು ಕೇಳಿದ ಮೇಲೆ ಇಡಬೇಕಿತ್ತು.

"ಎರಡು, ಆ ಮಗು ಇಲ್ಲಿ ಬೆಳಿಯುತ್ತೋ ಓಹಾಯೋದಲ್ಲೋ ಗೊತ್ತಿಲ್ಲ. ಅಲ್ಲಿ ಅಂಗಡಿ ಇಟ್ಟಿರೋ ವೆಂಡೆಲ್ ಅಪ್ಪನಿಗೆ ವಯಸ್ಸಾಯ್ತು. ಅಂಗಡಿ ನೀನೇ ನೋಡ್ಕೋ, ಅಕ್ಟೋಬರಿನೊಳಗೆ ಹೇಳು ಅಂದಿದಾರೆ."

"ಅವನು ಹೋಗ್ಲಿ. ನೀನಿರು."

"ನೀನು ಅಪ್ಪನ ಹಿಂದೆ ಒಕ್ಲಹೋಮಾ ಬಿಟ್ಟು ಬರ್ಲಿಲ್ವಾ? ಅಮ್ಮ, ಅವನಿಗೆ ಇಲ್ಲೇ ಇರೋಕೆ ಇಷ್ಟ. ಆದ್ರೆ ಪೇಟೇಲೂ ಪಾಲಿಶ್, ಚರ್ಚಲ್ಲೂ ಪಾಲಿಶ್, ನಮ್ಮನೆ ಮೇಜಲ್ಲೂ ಪಾಲಿಶ್. ಹುಟ್ಟೋ ಮಗೂನ ಪಾಲಿಶ್ ಮರಿ ಅನ್ನಿಸ್ಕೊಳ್ಳೋಕೆ ನಾನು ತಯಾರಿಲ್ಲ. ಈ ಊರಲ್ಲಿ ಗಂಡಸು ಅನ್ನಿಸ್ಕೋಬೇಕಾದ್ರೆ ಆ ಕ್ಲಬ್ಬಿಗೆ ಸೇರ್ಬೇಕು. ಸೇರಿದ್ರೆ ಇರ್ತೀವಿ, ಇಲ್ಲಾಂದ್ರೆ ಹೊರಡ್ತೀವಿ."

ನಾನು ಬಾಣಲೆ ಉಜ್ಜುತ್ತಲೇ ಇದ್ದೆ. ಅದು ಆಗಲೇ ಸ್ವಚ್ಛವಾಗಿತ್ತು.

ಅವನಿಗೆ ಕಾರು ಕಟ್ಟಲು ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯ ಆಚೆಗಿನ ಮೂಲೆ ಕೊಟ್ಟಿದ್ದೇನೆ. ಶೆಡ್ಡಿನೊಳಗೆ ಕಾಲಿಡಕೂಡದು ಎಂದೂ ಹೇಳಿದ್ದೇನೆ.

ಮಾರ್ಚ್ 28, ಶನಿವಾರ

ಕಾರು ಬಂತು. ಕಾರು ಎನ್ನುವುದಕ್ಕೆ ಬಾಯಿ ಬರುವುದಿಲ್ಲ. 1934ರ ಫೋರ್ಡ್ ಕೂಪೆ, ಇಬ್ಬರು ಕೂರುವ ಜಾತಿಯದು. ಯಾವುದೋ ಹೊಲದಲ್ಲಿ ಕೋಳಿಗೂಡಾಗಿತ್ತಂತೆ. 'ಆಗಿತ್ತು' ಎನ್ನುವ ಹಾಗಿಲ್ಲ, ಸೀಟಿನ ಮೇಲೆ ಒಂದು ಕೆಂಪು ಹೇಂಟೆ ಕಾವಿಗೆ ಕೂತೇ ಬಂದಿತ್ತು. ಮಗಳ ಗಂಡ ಅದನ್ನು ಎತ್ತಲು ಹೋಗಿ ಕೈಗೆ ಕುಕ್ಕಿಸಿಕೊಂಡ.

"ಮಿಸೆಸ್ ಸ್ಟ್ಯಾಂಪರ್, ಇದು ಇಳೀತಿಲ್ಲ," ಎಂದು ನನ್ನನ್ನು ಕರೆದ.

"ಕಾರಿನ ಮಾಲೀಕ ನೀನೋ ಅದೋ ಮೊದಲು ಇತ್ಯರ್ಥ ಮಾಡ್ಕೊಳ್ಳಿ," ಎಂದೆ. ಆಮೇಲೆ ನಾನೇ ಹೋಗಿ ರೆಕ್ಕೆ ಹಿಡಿದು ಇಳಿಸಿದೆ. ಒಳ್ಳೆಯ ಹೇಂಟೆ. ಇರಲಿ.

ಡಾಯ್ಲ್ ಬೇಲಿಗೆ ಒರಗಿಕೊಂಡು ಕ್ಲಬ್ಬಿನ ನಿಯಮ ಒಪ್ಪಿಸಿದ. "ಕೇಳಿಸ್ಕೋ ಪಾಲಿಶ್. ಕತ್ತರಿಸೋದು, ಬೆಸೆಯೋದು, ಜೋಡಿಸೋದು, ಎಲ್ಲ ಕಾರಿನವನ ಕೈಯಲ್ಲೇ ಆಗ್ಬೇಕು. ಮನೆ ಅಂಗಳದಲ್ಲೇ ಆಗ್ಬೇಕು. ನಾವು ಯಾರೂ ಕೈ ಹಾಕಲ್ಲ, ಬಾಯೂ ಹಾಕಲ್ಲ. ತಪ್ಪು ಮಾಡಿದ್ರೆ ನಿಂತು ನೋಡ್ತೀವಿ. ನಮ್ಮನ್ನೂ ಹಂಗೇ ನೋಡಿದಾರೆ. ಮುಗಿದ ಮೇಲೆ ಎಲ್ಲಾರೂ ಡಬ್ಬೀಗೆ ಕಾಳು ಹಾಕ್ತೀವಿ. ಬಿಳಿ ಕಾಳು ಅಂದ್ರೆ ಸೈ, ಕಂದು ಕಾಳು ಅಂದ್ರೆ ಇಲ್ಲ. ಒಂದೇ ಒಂದು ಕಂದು ಬಿದ್ರೂ ಮನೆಗೆ ಹೋಗ್ಬಹುದು."

"ನಾನು ಮನೇಲೇ ಇದೀನಲ್ಲ," ಅಂದಿತು ಆ ಪ್ರಾಣಿ.

ಏಪ್ರಿಲ್ 15, ಬುಧವಾರ

ಅಂಗಳ ತುಂಬ ಬೋಲ್ಟು. ಹುಲ್ಲಿನಲ್ಲಿ ನಟ್ಟು. ಬಿಚ್ಚುವುದನ್ನು ಬಿಚ್ಚುತ್ತಾನೆ, ಯಾವುದು ಎಲ್ಲಿಯದೆಂದು ಕೇಳಿದರೆ ಆಕಾಶ ನೋಡುತ್ತಾನೆ. ಇಂಥ ಅಸ್ತವ್ಯಸ್ತ ನನ್ನ ಕಣ್ಣಿಗೆ ಆಗುವುದಿಲ್ಲ. ಹಣ್ಣಿನ ಜಾಮು ತುಂಬುವ ಖಾಲಿ ಬಾಟಲಿಗಳನ್ನು ಇಳಿಸಿ, ಒಂದೊಂದರಲ್ಲಿ ಒಂದೊಂದು ಭಾಗದ್ದು ಹಾಕಿ, ಮೇಲೆ ಚೀಟಿ ಅಂಟಿಸಿದೆ. ಬಲ ಬಾಗಿಲು, ಎಡ ಬಾಗಿಲು, ಮುಂದಿನ ಅಚ್ಚು, ಹಿಂದಿನ ಅಚ್ಚು. ತುಕ್ಕು ಹಿಡಿದವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ.

ಇದು ಕಾರು ಕಟ್ಟುವುದಲ್ಲ. ಇದು ಮನೆಗೆಲಸ.

ಏಪ್ರಿಲ್ 30, ಗುರುವಾರ

ಮುಂದಿನ ಅಚ್ಚನ್ನು ಹಿಂದುಮುಂದಾಗಿ ಕೂರಿಸಿದ್ದ. ಬಾಟಲಿಯ ಚೀಟಿ ಓದು ಎಂದೆ.

ಮೇ 19, ಮಂಗಳವಾರ

ಗುಜರಿಯಿಂದ ಎಂಟು ಸಿಲಿಂಡರಿನ ಇಂಜಿನ್ನು ತಂದಿದ್ದಾನೆ. ಅದರ ವಾಲ್ವುಗಳಿಗೆ ಮರಳು ಮರಳಾದ ಒಂದು ಲೇಪ ಸವರಿ, ಕೋಲಿನ ತುದಿಗೆ ಕಚ್ಚಿಸಿ, ಎರಡು ಅಂಗೈ ನಡುವೆ ಕೋಲನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುವುತ್ತಾ ಕೂರಬೇಕು. ವಾಲ್ವಿನ ಅಂಚಿನಲ್ಲಿ ಬೂದು ಬಣ್ಣದ ಉಂಗುರ ಒಂದೇ ಸಮನಾಗಿ ಮೂಡಿದರೆ ಮಾತ್ರ ಅದು ಸೋರದೆ ಕೂರುತ್ತದೆ. ಅಂಗಡಿಗೆ ಹೋಗಿಬಂದು ಸಂಜೆ ಬೆಳಕಿರುವವರೆಗೆ ಅದೇ ಕೆಲಸ. ಬೊಬ್ಬೆ ಬಂದ ಕೈಯಲ್ಲಿ ನಾಳೆ ಹೆಂಗಸರ ಕಾಲಿಗೆ ಶೂ ತೊಡಿಸುವುದು ಹೇಗೆ? ಬೆಳಗ್ಗೆ ಅವನು ಹೋದ ಮೇಲೆ ಸುಮ್ಮನೆ ಒಂದನ್ನು ತಿರುವಿ ನೋಡಿದೆ. ಒಂದು ಮುಗಿಸಿದ ಮೇಲೆ ಪಕ್ಕದ್ದನ್ನು ಹಾಗೇ ಬಿಡುವುದು ಸರಿ ಕಾಣಲಿಲ್ಲ.

ಸಂಜೆ ಬಂದವನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ನನ್ನತ್ತ ತಿರುಗಲಿಲ್ಲ.

"ರೀಬಾ, ನಿಮ್ಮನೇಲಿ ಇಲಿ ಇದಾವೆ. ವಾಲ್ವು ಉಜ್ಜೋ ಇಲಿ," ಅಂದ.

"ದೊಡ್ಡ ಇಲಿ ಇರ್ಬೇಕು. ಹೈಸ್ಕೂಲು ಓದಿದ್ದು," ಅಂದಳು ಮಗಳು.

ಇಬ್ಬರಿಗೂ ರಾತ್ರಿ ಬಿಸ್ಕತ್ತು ರೊಟ್ಟಿಗೆ ಗ್ರೇವಿ ಹಾಕಲಿಲ್ಲ. ಆಮೇಲೆ ಹಾಕಿದೆ.

ಜೂನ್ 8, ಸೋಮವಾರ

ಸೋಮವಾರ ನನ್ನ ಬಟ್ಟೆ ಒಗೆಯುವ ದಿನ ಎಂದು ಆಯಿಲ್‌ಡೇಲ್‌ನ ನಾಯಿಗೂ ಗೊತ್ತು. ಬಿಳಿ ದುಪ್ಪಟಿಗಳೆಲ್ಲ ತಂತಿಯ ಮೇಲಿದ್ದವು. ಮಗಳ ಗಂಡ ಅಂಗಡಿಗೆ ರಜೆ ಹಾಕಿ ಇಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದ. ಅದು ಕೆಮ್ಮಿತು, ಬಿಕ್ಕಿತು, ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಉಗುಳಿ ಕರ್ರನೆಯ ಹೊಗೆಯ ಮೋಡವನ್ನೇ ನನ್ನ ದುಪ್ಪಟಿಗಳ ಮೇಲೆ ಬಿಟ್ಟಿತು. ಎಂಟು ವೈರುಗಳಲ್ಲಿ ಎರಡು ಅದಲುಬದಲಾಗಿದ್ದವು. ರೀಬಾ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು, ಇಲ್ಲೇ ಹೆರಿಗೆಯಾದೀತು ಎಂದು ಬೈದೆ.

"ಮಿಸೆಸ್ ಸ್ಟ್ಯಾಂಪರ್, ದುಪ್ಪಟಿ ನಾನು ಒಗೀತೀನಿ," ಅಂದ ಅವನು. ಹುಬ್ಬು ಅರ್ಧ ಸುಟ್ಟಿತ್ತು.

"ದುಪ್ಪಟಿ ಹಾಳಾಗ್ಲಿ, ಮೊದ್ಲು ಆ ವೈರು ಸರಿಮಾಡಿ ಇನ್ನೊಂದ್ಸಲ ಹಚ್ಚು, ಕೇಳೋಣ," ಎಂದೆ.

ಎರಡನೇ ಸಲ ಚಾಲೂ ಆಯಿತು. ನೆಲ ನಡುಗಿತು. ಕಿಟಕಿಯ ಗಾಜು ಗಲಗಲ ಅಂತು. ಅಸಹ್ಯ ಸದ್ದು. ಆದರೆ ಒಂದೇ ಸಮ ಇತ್ತು ಎಂಬುದನ್ನು ಒಪ್ಪಬೇಕು. ಆ ವಾಲ್ವುಗಳಲ್ಲಿ ಒಂದೂ ಸೋರುತ್ತಿಲ್ಲ.

ಜುಲೈ 11, ಶನಿವಾರ

ಇವತ್ತು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಟಾಪು ತಗ್ಗಿಸುವುದು ಈ ಹುಚ್ಚಿನ ಶಿಖರವಂತೆ. ಕಿಟಕಿಗಳ ನಡುವಿನ ಕಂಬಗಳನ್ನೆಲ್ಲ ಮೂರು ಇಂಚು ಕತ್ತರಿಸಿ ತೆಗೆದು, ಟಾಪನ್ನು ಕೆಳಗಿಳಿಸಿ ಮತ್ತೆ ಬೆಸೆಯುವುದು. ಆಗ ಕಾರು ಕಣ್ಣು ಕಿರಿದು ಮಾಡಿಕೊಂಡ ಬೆಕ್ಕಿನಂತೆ ಕಾಣುತ್ತದೆ. ಮಗಳ ಗಂಡ ಪಾದದ ಅಳತೆ ತೆಗೆಯುವಷ್ಟೇ ನಾಜೂಕಾಗಿ ಎಲ್ಲ ಕಂಬಕ್ಕೂ ಮೂರು ಇಂಚು ಗುರುತು ಹಾಕಿ, ಬೆಳಗಿನಿಂದ ಗರಗಸ ಎಳೆದು ಕತ್ತರಿಸಿದ. ಡಾಯ್ಲ್ ಮತ್ತು ಕ್ಲಬ್ಬಿನ ಇನ್ನಿಬ್ಬರು ಬೇಲಿಯ ಮೇಲೆ ಸಾಲಾಗಿ ಕೂತು ನೋಡಿದರು. ಟಾಪನ್ನು ಎತ್ತಿ ಕೆಳಗಿಟ್ಟಾಗ ಹಿಂದಿನ ಕಂಬಗಳು ಕೂಡಿದವು, ಮುಂದಿನವು ಕೂಡಲಿಲ್ಲ. ಹೆಬ್ಬೆರಳಿನಷ್ಟು ಅಂತರ. ಟಾಪು ಗಿಡ್ಡವಾಗಿತ್ತು.

ಬೇಲಿಯ ಮೇಲಿನವರು ಆಗ ನಕ್ಕರು. ಅಷ್ಟು ಹೊತ್ತು ಆ ನಗೆಯನ್ನು ಹಿಡಿದಿಟ್ಟುಕೊಂಡೇ ಕೂತಿದ್ದರು.

"ಶೂ ಸೈಜು ಚಿಕ್ಕದಾಯ್ತಾ ಪಾಲಿಶ್?" ಎಂದ ಡಾಯ್ಲ್.

ಮಗಳ ಗಂಡ ಗರಗಸವನ್ನು ಒರೆಸಿ ಇಟ್ಟ, ಕೈ ತೊಳೆದುಕೊಂಡ, ಒಳಗೆ ಹೋದ.

ಡಾಯ್ಲ್‌ನನ್ನು ಅಡುಗೆಮನೆಗೆ ಕರೆಸಿದೆ. "ನಿಂಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಮ್ಮ. ನಾನೂ ಮೊದಲ ಕಾರಲ್ಲಿ ಹಿಂಗೇ ಮಾಡಿದ್ದೆ. ನಾನು ಅತ್ತೇ ಬಿಟ್ಟಿದ್ದೆ. ಯಾರೂ ಹೇಳ್ಕೊಡಲ್ಲ, ಅದೇ ಪದ್ಧತಿ."

"ಸರಿಯಾಗೋದು ಹೆಂಗೆ?"

"ಅದನ್ನೂ ಹೇಳೋ ಹಂಗಿಲ್ಲ."

ಹೆತ್ತ ತಾಯಿಗೆ! ಸಂಜೆಗೆ ರೀಬಾ ಟ್ರಂಕಿನ ಅಳತೆ ಹೇಳುತ್ತಿದ್ದಳು, ಅದರಲ್ಲಿ ತೊಟ್ಟಿಲ ಬಟ್ಟೆ ಹಿಡಿಯುತ್ತದೆಯೇ ಎಂದು.

ಜುಲೈ 16, ಗುರುವಾರ

ಐದು ದಿನದಿಂದ ಅವನು ಅಂಗಳಕ್ಕೆ ಇಳಿದಿಲ್ಲ. ತಲೆ ತೆಗೆದ ಕಾರು ತಂತಿಯ ಆಚೆ ನಿಂತಿದೆ. ಹೇಂಟೆ ಮತ್ತೆ ಒಳಗೆ ಹೋಗಿ ಮೊಟ್ಟೆಯಿಟ್ಟಿದೆ.

ರೀಬಾಗೆಂದು ನನ್ನ ಹಳೆಯ ಅಗಲ ಘೇರಿನ ಲಂಗ ಗಿಡ್ಡ ಮಾಡಲು ಕೂತೆ. ಅಂಚಿಗೆ ನನ್ನಮ್ಮನ ಕೈಯ ಕಸೂತಿಯಿದೆ, ಕೆಳಗಿನಿಂದ ಕತ್ತರಿಸುವ ಹಾಗಿಲ್ಲ. ಮೊಣಕಾಲಿನ ಹತ್ತಿರ ಮೂರು ಇಂಚಿನ ಪಟ್ಟಿ ತೆಗೆದು ಮೇಲಿನ ತುಂಡನ್ನು ಕೆಳಗಿನದಕ್ಕೆ ಸೇರಿಸಹೊರಟೆ. ಸೇರಲಿಲ್ಲ. ಸೇರುವುದಾದರೂ ಹೇಗೆ? ಲಂಗ ಕೆಳಗೆ ಹೋದಷ್ಟೂ ಅಗಲ. ನಡುವಿನದನ್ನು ತೆಗೆದರೆ ಮೇಲಿನ ಚಿಕ್ಕ ಸುತ್ತು ಕೆಳಗಿನ ದೊಡ್ಡ ಸುತ್ತಿನ ಮೇಲೆ ಕೂರಬೇಕಾಗುತ್ತದೆ.

ಲಂಗ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. ಕಾರಿನ ಮುಂದಿನ ಕಂಬಗಳು ನೆಟ್ಟಗಿಲ್ಲ, ಮೇಲೆ ಹೋದಂತೆ ಹಿಂದಕ್ಕೆ ವಾಲಿವೆ. ಅದೂ ಒಂದು ಲಂಗವೇ.

ಶೂ ಅಂಗಡಿಗೆ ಫೋನು ಮಾಡಿದೆ. ನನ್ನ ಜನ್ಮದಲ್ಲಿ ಮೊದಲ ಸಲ.

"ಬಟ್ಟೆಯಾದ್ರೆ ಕೆಳಗಿನದನ್ನ ನೆರಿಗೆ ಹಿಡೀತಿದ್ದೆ. ತಗಡಿಗೆ ನೆರಿಗೆ ಬರಲ್ಲ. ಹಂಗಾಗಿ ಮೇಲಿನದನ್ನೇ ದೊಡ್ಡದು ಮಾಡ್ಬೇಕು. ಟಾಪನ್ನ ನಡುವೆ ಅಡ್ಡಕ್ಕೆ ಸೀಳಿ, ಮುಂದಿನ ಅರ್ಧ ಮುಂದಕ್ಕೆ ಎಳೆದು, ಸಂದಿಗೆ ಒಂದು ಪಟ್ಟಿ ಕೊಡ್ಬೇಕು. ಕೇಳಿಸ್ತಾ?"

ಆ ಕಡೆ ಪೆನ್ಸಿಲ್ ಗೀಚುವ ಸದ್ದು ಕೇಳಿಸಿತು. ಆಮೇಲೆ, "ಮಿಸೆಸ್ ಸ್ಟ್ಯಾಂಪರ್, ಇಲ್ಲೊಬ್ಬರು ಒಂದು ಕಾಲಲ್ಲಿ ಶೂ ಹಾಕ್ಕೊಂಡು ಕಾಯ್ತಿದಾರೆ. ಅವರನ್ನ ಕಳಿಸಿ ಈಗಲೇ ಬಂದೆ," ಅಂದ.

ಜುಲೈ 25, ಶನಿವಾರ

ಕಂದು ಕಾಗದದಲ್ಲಿ ಪಟ್ಟಿಯ ಮಾದರಿ ಕತ್ತರಿಸಿದೆ. ಮಾದರಿ ಕತ್ತರಿಸುವುದು ಹೊಲಿಗೆ. ಹೊಲಿಗೆಯ ಮೇಲೆ ಯಾವ ಕ್ಲಬ್ಬಿನ ನಿಯಮವೂ ನಡೆಯದು.

ಗುಜರಿಯ ಬಾಗಿಲೊಂದರ ತಗಡನ್ನು ಅದೇ ಮಾದರಿಗೆ ವೆಂಡೆಲ್ ಕತ್ತರಿಸಿ, ಮರಳಿನ ಚೀಲದ ಮೇಲಿಟ್ಟು ಬಡಿದು ಬಾಗಿಸಿದ. ಮೂರು ಸಲ ಕೆಡಿಸಿದ. ನಾಲ್ಕನೆಯದು ಟಾಪಿನ ಮೇಲೆ ಅಂಗೈ ಇಟ್ಟ ಹಾಗೆ ಕೂತಿತು. ಕೆಡಿಸಿದ ಮೂರನ್ನು ಕಂಡು ಡಾಯ್ಲ್ ಏನೋ ಅನ್ನಲು ಬಾಯಿ ತೆರೆದ. "ಬಾಯಿ ಹಾಕೋ ಹಾಗಿಲ್ಲ ಅಲ್ವಾ?" ಎಂದೆ. ಮುಚ್ಚಿಕೊಂಡ.

ಆಗಸ್ಟ್ 6, ಗುರುವಾರ

ಶೆಡ್ಡಿನ ಬೀಗ ತೆಗೆದೆ. ಆರ್ಲಿಸ್‌ನ ಗ್ಯಾಸ್ ವೆಲ್ಡಿಂಗ್ ಸಾಮಾನು ಅವನು ಬಿಟ್ಟ ಹಾಗೇ ಇತ್ತು. ವೆಂಡೆಲ್ ಹಿಂದಿನ ಎರಡು ಕಂಬಗಳನ್ನು ಬೆಸೆದ. ಪರವಾಗಿಲ್ಲ, ದಪ್ಪ ಉಕ್ಕು ತಡೆದುಕೊಂಡಿತು. ಟಾಪಿನ ತೆಳು ತಗಡಿಗೆ ಬಂದಾಗ ಜ್ವಾಲೆ ಒಂದೇ ಕಡೆ ನಿಂತು ತೂತು ಬಿತ್ತು. ಇನ್ನೊಂದು ಕಡೆ ತಗಡು ಕಾದು ಹಪ್ಪಳದ ಹಾಗೆ ಉಬ್ಬಿತು.

ಆರ್ಲಿಸ್ ತೆಳು ತಗಡು ಬೆಸೆಯುವಾಗ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ನಿಲ್ಲುತ್ತಿದ್ದವಳು ನಾನು. ಒಂದು ಕಡೆಯಿಂದ ಎಳೆದುಕೊಂಡು ಹೋಗಬಾರದು. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆ. ಹೊಲಿಯುವ ಮುಂಚೆ ಕಚ್ಚಾ ಹೊಲಿಗೆ ಹಾಕುವುದಿಲ್ಲವೇ, ಅದೇ ಲೆಕ್ಕ.

"ಕೊಡಿಲ್ಲಿ, ತೋರಿಸ್ತೀನಿ," ಎಂದು ಬೆಸುಗೆಯ ಕಪ್ಪು ಕನ್ನಡಕ ಹಾಕಿಕೊಂಡೆ. ತೋರಿಸುವುದಕ್ಕೆ ಒಂದು ಗೇಣು ಸಾಕಿತ್ತು. ಆದರೆ ಹೊಲಿಗೆಯಲ್ಲಿ ನಡುವೆ ಕೈ ಬದಲಾದರೆ ಎದ್ದು ಕಾಣುತ್ತದೆ.

ಆಗಸ್ಟ್ 19, ಬುಧವಾರ

ಬಿಸಿಲು. ಕೋಳಿಗಳು ಬಾಯಿ ತೆರೆದು ನಿಂತಿವೆ. ಎಡಗೈಗೆ ಸುಟ್ಟ ಬೊಬ್ಬೆ, ಬೆಣ್ಣೆ ಹಚ್ಚಿದೆ. ಬೆಸುಗೆ ಇನ್ನು ಒಂದು ಮೊಳ ಉಳಿದಿದೆ. ಡಾಯ್ಲ್ ಕೆಲಸದಿಂದ ಬರುವ ಹೊತ್ತಿಗೆ ಸಾಮಾನನ್ನು ಶೆಡ್ಡಿಗೆ ಸೇರಿಸಿ ಬೀಗ ಹಾಕಿರುತ್ತೇನೆ. ಚರ್ಚಿನ ಹೆಂಗಸರ ಸಭೆ ಇತ್ತು. ಹೋಗಲಿಲ್ಲ.

ಸೆಪ್ಟೆಂಬರ್ 12, ಶನಿವಾರ

ಬಣ್ಣ ಯಾವುದು ಎಂದು ನಮ್ಮಲ್ಲಿ ಒಂದು ವಾರ ಜಗಳ. ವೆಂಡೆಲ್‌ಗೆ ಕೆಂಪು, ರೀಬಾಗೆ ಹಳದಿ. ಕಪ್ಪು ಎಂದೆ ನಾನು. ಕಪ್ಪಿನಲ್ಲಿ ತಗಡಿನ ಒಂದು ಉಬ್ಬುತಗ್ಗೂ ಬಚ್ಚಿಟ್ಟುಕೊಳ್ಳಲಾರದು. ನಮ್ಮ ಟಾಪಿನಲ್ಲಿ ಬಚ್ಚಿಡುವಂಥದ್ದು ಏನಿದೆ? ಕಪ್ಪೇ ಹೊಡೆದೆವು.

ಇವತ್ತು ವೆಂಡೆಲ್ ಅದನ್ನು ನದಿಯ ರಸ್ತೆಗೆ ಒಯ್ದ. ಸದ್ದು ಸೇತುವೆ ದಾಟಿ ಹೋಗಿ, ತಿರುಗಿ, ಮತ್ತೆ ನಮ್ಮತ್ತ ಬರುವವರೆಗೂ ರೀಬಾ ನಾನು ಅಂಗಳದಲ್ಲಿ ನಿಂತೇ ಇದ್ದೆವು. "ನೀವೂ ಒಂದು ಸುತ್ತು ಬನ್ನಿ," ಎಂದು ಕರೆದ. ಆ ಗಾಡಿಯಲ್ಲಿ ನಾನು ಕೂರುವುದು ಊರಿನ ಕಣ್ಣಿಗೆ ಚೆನ್ನಾಗಿರುವುದಿಲ್ಲ ಎಂದೆ.

ಅಕ್ಟೋಬರ್ 2, ಶುಕ್ರವಾರ

ನಾಳೆ ಮಧ್ಯಾಹ್ನ ಕ್ಲಬ್ಬಿನವರು ಬಂದು ನೋಡುತ್ತಾರೆ. ವೆಂಡೆಲ್‌ನನ್ನು ಕೂರಿಸಿ ಸ್ಪಷ್ಟವಾಗಿ ಹೇಳಿದೆ.

"ಟಾಪು ಯಾರು ಬೆಸೆದರು ಅಂತ ಕೇಳ್ತಾರೆ. ನಾನೇ ಅನ್ನು."

"ಆದ್ರೆ ಬೆಸೆದಿದ್ದು ನೀವು."

"ಬೆಂಕಿ ಹಿಡಿದಿದ್ದು ನಾನು. ಕಾರು ನಿಂದು."

"ಭಾನುವಾರದ ಶಾಲೇಲಿ ಮಕ್ಕಳಿಗೆ ಸುಳ್ಳು ಹೇಳ್ಬಾರ್ದು ಅಂತ ಪಾಠ ಮಾಡೋರು ಯಾರು?"

"ಮಕ್ಕಳಿಗೆ ಅಂದ್ರೆ ಮಕ್ಕಳಿಗೆ! ನಾಳೆ ಕಂದು ಕಾಳು ಬಿದ್ರೆ ನನ್ನ ಮಗಳು ಹೊರಟೋಗ್ತಾಳೆ. ಗೊತ್ತು ತಾನೆ?"

"ಗೊತ್ತು," ಅಂದ. "ಸುಳ್ಳು ಹೇಳಿ ಸೇರ್ಕೊಂಡ್ರೆ ಆ ಟಾಪಿನ ಕೆಳಗೆ ಕೂತಾಗೆಲ್ಲ ನಂಗೆ ತಲೆ ತಗ್ಗಿಸ್ಬೇಕಾಗುತ್ತೆ. ಆಗ್ಲೇ ಮೂರು ಇಂಚು ತಗ್ಗಿದೆ, ಇನ್ನೂ ತಗ್ಗಿಸೋಕೆ ಜಾಗ ಇಲ್ಲ."

ಇಷ್ಟು ಉದ್ದದ ಮಾತು ಅವನಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊಂಡ. ನಮ್ಮ ಮನೆತನದಲ್ಲಿ ಹುಟ್ಟಬೇಕಾಗಿತ್ತು.

ಅಕ್ಟೋಬರ್ 3, ಶನಿವಾರ

ಬಂದರು. ಸುತ್ತಿದರು. ಒಬ್ಬ ನೆಲಕ್ಕೆ ಮಲಗಿ ಅಡಿಯಿಂದ ನೋಡಿದ. ಇನ್ನೊಬ್ಬ ಬಾಗಿಲನ್ನು ಹತ್ತು ಸಲ ಹಾಕಿ ತೆಗೆದ. ಇಂಜಿನ್ನು ಹಚ್ಚಿದಾಗ ಎಲ್ಲರೂ ಬಾಗಿ ಕಿವಿಗೊಟ್ಟರು. ನಾನು ಜಗುಲಿಯಲ್ಲಿ ಬಟಾಣಿ ಬಿಡಿಸುತ್ತಿದ್ದೆ.

ಡಾಯ್ಲ್ ಟಾಪಿನ ಮೇಲೆ ಬೆರಳಾಡಿಸಿದ. ಬೆಸುಗೆ ಎಲ್ಲಿದೆ ಎಂದು ಹುಡುಕುತ್ತಿದ್ದ. ಸಿಗಲಿಲ್ಲ.

"ಇದನ್ನ ಬೆಸೆದೋರು ಯಾರು?"

"ಹಿಂದಿನ ಎರಡು ಕಂಬ ನಂದು," ಅಂದ ವೆಂಡೆಲ್. "ಟಾಪು ಅತ್ತೇದು."

ಎಲ್ಲ ತಲೆಗಳೂ ಜಗುಲಿಯತ್ತ ತಿರುಗಿದವು. ನಾನು ಬಟಾಣಿ ಬಿಡಿಸಿದೆ. "ದೇವ್ರಾಣೆ?" ಎಂದು ಯಾರೋ ಪಿಸುಗುಟ್ಟಿದರು. ಡಾಯ್ಲ್‌ನ ಕಿವಿ ಕೆಂಪಾಯಿತು. ಅವನಪ್ಪನದೂ ಹಾಗೇ ಆಗುತ್ತಿತ್ತು.

ಕಾಳು ಕೇಳಲು ಡಾಯ್ಲ್ ನನ್ನ ಅಡುಗೆಮನೆಗೇ ಬಂದ. ಪ್ರತಿ ಸಲವೂ ಇಲ್ಲಿಂದಲೇ ಒಯ್ಯುತ್ತಾರೆ. ಕಂದು ಕಾಳು ಮುಗಿದಿದೆ ಅಂದಿದ್ದರೆ ಸಾಕಿತ್ತು. ನಿನ್ನೆ ಸುಳ್ಳು ಹೇಳು ಎಂದವಳು ನಾನೇ. ಆದರೂ ಎರಡು ಡಬ್ಬಿಯನ್ನೂ ಇಳಿಸಿ, ಮುಷ್ಟಿ ಬಿಳಿ, ಮುಷ್ಟಿ ಕಂದು ಅಳೆದು ಕೊಟ್ಟೆ. ವೆಂಡೆಲ್ ಸುಳ್ಳು ಹೇಳದ ಮೇಲೆ ನಾನು ಹೇಗೆ ಹೇಳಲಿ?

ಒಂದು ಕಂದು ಕಾಳು ಬಿತ್ತು.

ಡಾಯ್ಲ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದ. "ಆ ಕಾಳು ನಂದಮ್ಮ. ಅಂಥ ಟಾಪು ನಮ್ಮ ಕ್ಲಬ್ಬಲ್ಲೇ ಇಲ್ಲ. ಉಳಿದೋರೆಲ್ಲ ಬಿಳೀದೇ ಹಾಕಿದ್ರು. ಆದ್ರೆ ನಿಯಮ ಅಂದ್ರೆ ನಿಯಮ. ನೆಂಟ ಅಂತ ಸಡಿಲಿಸಿದ್ರೆ ನಾಳೆ ನಾನು ಇನ್ನೊಬ್ಬನ ಮುಂದೆ ಹೆಂಗೆ ನಿಲ್ಲಲಿ? ನೀನೇ ಕಲಿಸಿದ್ದು." ಸ್ವಲ್ಪ ತಡೆದು, "ನೀನು ಹೇಳಿದ್ರೆ ಎಲ್ರನ್ನೂ ವಾಪಸ್ ಕರೀತೀನಿ. ಒಂದು ಮಾತು ಹೇಳು ಸಾಕು."

ನನ್ನ ಒಂದು ಮಾತಿಗೆ ಈ ಅಂಗಳದಲ್ಲಿ ಎಷ್ಟು ತೂಕವೆಂದು ನನಗೆ ಗೊತ್ತು. ಮಾತು ನಾಲಿಗೆಯ ಮೇಲೆ ಬಂದೂ ಇತ್ತು. ಜಾಲರಿ ಬಾಗಿಲ ಹೊರಗೆ ವೆಂಡೆಲ್ ನಿಂತಿದ್ದ.

"ಹೇಳ್ಬೇಡಿ ಅತ್ತೆ," ಅಂದ. "ನೀವು ಹೇಳಿ ಸೇರಿಸಿದ್ರೆ ನಾನು ಮತ್ತೆ ಪಾಲಿಶ್ಶೇ. ಡಾಯ್ಲ್ ಮಾಡಿದ್ದು ಸರಿ. ನಾನಾಗಿದ್ರೂ ಕಂದೇ ಹಾಕ್ತಿದ್ದೆ."

ಡಾಯ್ಲ್ ಅವನನ್ನು ನೋಡಿದ. ಆಮೇಲೆ ಬಾಗಿಲು ತೆಗೆದು ಒಳಗೆ ಕರೆದು ಕೈ ಚಾಚಿದ. ಇಬ್ಬರೂ ಕೈ ಕುಲುಕಿದರು. ಆದರೆ ಕೈ ಕುಲುಕಿದ್ದು ನನ್ನ ಅಡುಗೆಮನೆಯಲ್ಲಿ, ಊರಿನ ಮುಂದಲ್ಲ.

ನಾನು ಹೇಳಲಿಲ್ಲ. ಬಟಾಣಿ ಬೇಯಿಸಿದೆ. ಪಕ್ಕದ ಮನೆಯಲ್ಲಿ ರೀಬಾ ಅಟ್ಟದಿಂದ ಟ್ರಂಕು ಇಳಿಸಿಕೊಳ್ಳುವ ಸದ್ದು ಕೇಳಿಸಿತು. ಈ ಹೊಟ್ಟೆಯಲ್ಲಿ ಭಾರ ಎತ್ತಬಾರದು ಎಂದು ಹೋಗಿ ಹೇಳಬೇಕೆಂದುಕೊಂಡೆ. ಹೋಗಲಿಲ್ಲ.

ಅಕ್ಟೋಬರ್ 4, ಭಾನುವಾರ

ಆರ್ಲಿಸ್ ಹೋದಂದಿನಿಂದ ನಾನು ಚರ್ಚಿಗೆ ಹೋಗುವುದು ಡಾಯ್ಲ್‌ನ ಬ್ಯೂಯಿಕ್‌ನಲ್ಲಿ, ಮುಂದಿನ ಸೀಟಿನಲ್ಲಿ. ಸೊಸೆ ಹಿಂದೆ ಕೂರುತ್ತಾಳೆ. ರೀಬಾ, ವೆಂಡೆಲ್ ಜಾಗವಿದ್ದರೆ ಹಿಂದೆ, ಇಲ್ಲದಿದ್ದರೆ ನಡೆದು. ನಾನು ಯಾರ ಪಕ್ಕದಲ್ಲಿ ಬಂದು ಇಳಿಯುತ್ತೇನೆಂದು ನೋಡಲು ಇಡೀ ಊರು ಚರ್ಚಿನ ಮೆಟ್ಟಿಲ ಮೇಲೆ ನಿಂತಿರುತ್ತದೆ. ಸುಳಿಗಾಳಿ ಕ್ಲಬ್ಬು ಮೊನ್ನೆ ಮೊನ್ನೆಯದು. ಆ ಮೆಟ್ಟಿಲು ಅದಕ್ಕಿಂತ ಹಳೆಯದು.

ಡಾಯ್ಲ್ ಬ್ಯೂಯಿಕ್ ಬಾಗಿಲು ತೆರೆದು ಹಿಡಿದಿದ್ದ. ಅದನ್ನು ದಾಟಿ, ತಂತಿಯ ಆಚೆ ಹೋಗಿ ನಿಂತೆ.

"ವೆಂಡೆಲ್, ಬಾಗಿಲು ತೆಗಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ರೀಬಾಗೆ ಬೇಕಾಗಲಿಲ್ಲ. "ನಾನು ಅಣ್ಣನ ಜೊತೆ ಬರ್ತೀನಿ, ನೀವಿಬ್ರೂ ಹೋಗಿ!" ಎಂದು ಆ ಹೊಟ್ಟೆ ಹೊತ್ತುಕೊಂಡೇ ಓಡಿದಳು.

ಕೂರಲು ಹೋದರೆ ತಲೆಯ ಟೋಪಿ ಟಾಪಿಗೆ ತಗುಲಿತು. ಓರೆಯಾಗಿ ಕೂತೆ, ಗರಿ ಮಡಚಿಕೊಂಡಿತು. ಬಗ್ಗಿ ಕೂತೆ, ಬೇಡುವವಳ ಹಾಗಾಯಿತು. ನನ್ನ ವಯಸ್ಸಿನ ಹೆಂಗಸು ಬರಿದಲೆಯಲ್ಲಿ ಚರ್ಚಿಗೆ ಬಂದದ್ದನ್ನು ಆಯಿಲ್‌ಡೇಲ್ ಕಂಡಿಲ್ಲ. ವೆಂಡೆಲ್ ಸ್ಟಿಯರಿಂಗ್ ಹಿಡಿದು, "ಬೇಡ ಬಿಡಿ ಅತ್ತೆ, ಬ್ಯೂಯಿಕ್‌ನಲ್ಲೇ ಹೋಗಿ," ಅಂದ.

ಪಿನ್ನುಗಳನ್ನು ಒಂದೊಂದಾಗಿ ತೆಗೆದೆ. ಟೋಪಿಯನ್ನು ಕಿಟಕಿಯಿಂದ ಡಾಯ್ಲ್‌ನ ಕೈಗೆ ಕೊಟ್ಟೆ.

"ಇದನ್ನ ನನ್ನ ಸೀಟಲ್ಲಿ ಕೂರಿಸ್ಕೊಂಡು ಬಾ. ಗರಿ ಮುರಿದೀಯ ಜೋಕೆ."

"ಅಮ್ಮ, ನೀನು ಹಿಂಗೇ..."

"ನಿಯಮ ನಿಂದು, ಕಂದು ಕಾಳು ಹಾಕಿದೆ. ತಲೆ ನಂದು."

ವೆಂಡೆಲ್ ನೇರ ರಸ್ತೆಗೆ ತಿರುಗಿಸಲಿದ್ದ. ಸುತ್ತು ಹಾಕಿಕೊಂಡು ಹೋಗು ಎಂದೆ. ಪೆಟ್ರೋಲ್ ಬಂಕಿನ ಮುಂದೆ, ಶೂ ಅಂಗಡಿಯ ಮುಂದೆ, ಹೆಂಗಸರ ಸಭೆಯ ಅಧ್ಯಕ್ಷಿಣಿಯ ಮನೆ ಮುಂದೆ. ಮೆಲ್ಲಗೆ ಓಡಿಸು ಎಂದೂ ಹೇಳಿದೆ. ಆ ಇಂಜಿನ್ನು ಮೆಲ್ಲಗೆ ಹೋದರೆ ಸದ್ದು ಇನ್ನೂ ಹೆಚ್ಚು. ಹಿಂದೆ ಬ್ಯೂಯಿಕ್, ಅದರ ಮುಂದಿನ ಸೀಟಿನಲ್ಲಿ ನನ್ನ ಟೋಪಿ.

ಚರ್ಚಿನ ಮುಂದೆ ನಿಂತಾಗ ನಾನಾಗಿ ಇಳಿಯಲಿಲ್ಲ. ಅವನು ಸುತ್ತಿ ಬಂದು ಬಾಗಿಲು ತೆಗೆಯುವವರೆಗೆ ಕೂತಿದ್ದೆ. ಎಲ್ಲರಿಗೂ ಕಾಣುವಷ್ಟು ಹೊತ್ತು. ಆಮೇಲೆ ಅವನ ತೋಳು ಹಿಡಿದು, ಬರಿದಲೆಯಲ್ಲಿ, ಮೆಟ್ಟಿಲು ಹತ್ತಿದೆ. ಪಾದ್ರಿಗಳು ನನ್ನ ಕೂದಲು ನೋಡಿದರು, ಕಾರು ನೋಡಿದರು. "ಒಳ್ಳೆ ಬಿಸಿಲಿದೆ ಇವತ್ತು," ಎಂದರು.

ಪ್ರಾರ್ಥನೆ ಮುಗಿದು ಹೊರಗೆ ಬಂದರೆ ಕಾರಿನ ಸುತ್ತ ಗಂಡಸರು ನೊಣ ಮುತ್ತಿದ ಹಾಗೆ ಮುತ್ತಿದ್ದರು. ಕ್ಲಬ್ಬಿನವರೂ ಇದ್ದರು. "ವೆಂಡೆಲ್, ಬಾನೆಟ್ ಎತ್ತಪ್ಪ ಸ್ವಲ್ಪ," ಅಂದ ಒಬ್ಬ. "ವೆಂಡೆಲ್, ಈ ಪಟ್ಟೀನ ಹೆಂಗೆ ಬಾಗಿಸ್ದೆ?" ಅಂದ ಇನ್ನೊಬ್ಬ. "ಬೆಸುಗೆ ಹುಡುಕ್ರೋ ನೋಡೋಣ, ಸಿಗಲ್ಲ, ನಮ್ಮಮ್ಮ ಹಾಕಿದ್ದು," ಎಂದು ಡಾಯ್ಲ್ ಎಲ್ಲರಿಗೂ ಹೇಳುತ್ತಿದ್ದ, ನನ್ನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಮನೆಗೆ ಬರುವ ದಾರಿಯಲ್ಲಿ ವೆಂಡೆಲ್ ರಸ್ತೆಯ ಮೇಲಿನ ಕಣ್ಣು ಕೀಳದೆ ಹೇಳಿದ: "ಅಪ್ಪನಿಗೆ ಅಂಗಡಿ ಬೇರೆಯವರಿಗೆ ಕೊಡಿ ಅಂತ ನಾಳೆ ಹೇಳ್ಬಿಡ್ತೀನಿ ಅತ್ತೆ. ನಾವು ಇಲ್ಲೇ ಇರ್ತೀವಿ."

ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ ಎಂದೆ. ಅವನು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದ.